ಕಿಕ್ಕೇರಿ ನಲವತ್ತೊಂದು

ಗೌರಿ ಹಬ್ಬ ಕಳೆದು ಹನ್ನೆರಡು ದಿನವಾಗಿತ್ತು. ಬೆಳಗಿನ ಪೂಜೆ ಮುಗಿಸಿ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದೆ. ಗೇಟಿನ ಚಿಲಕ ಸದ್ದಾಯಿತು. ಸಹನ ಬಂದಿದ್ದಳು. ಹೆಗಲಿಗೊಂದು ಚೀಲ, ಕೈಯಲ್ಲಿ ಟ್ಯಾಬು.

ನಾನು ಮೂವತ್ತೈದು ವರ್ಷ ದುಡಿದ ಸಂಸ್ಥೆಯಲ್ಲಿ ಈ ಹುಡುಗಿ ಈಗ ಇನ್ವೆಸ್ಟಿಗೇಟರ್. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸ. ಹಳೆಯ ಮನೆಗಳ ಗುರುತು ಸಿಗದಿದ್ದಾಗ ಪಾಂಡವಪುರಕ್ಕೆ ಬಂದು ನನ್ನನ್ನು ಕೇಳಿಕೊಂಡು ಹೋಗುವುದು ಅವಳ ರೂಢಿ.

“ಸರ್, ಒಂದು ಫೈಲ್ ಕ್ಲೋಸ್ ಮಾಡ್ಬೇಕು. ಮೊದಲ್ನೇ ಸುತ್ತು ಮಾಡಿದ್ದು ನೀವೇ ಅಲ್ವಾ? ನಿಮ್ಮ ಸೈನ್ ಬೇಕಂತೆ.”

“ಯಾವ ನಂಬರಮ್ಮ?”

“ಕಿಕ್ಕೇರಿ ನಲವತ್ತೊಂದು.”

ನಮ್ಮಲ್ಲಿ ಫೈಲು ಮುಚ್ಚುವುದಕ್ಕೆ ಮೂರೇ ಕಾರಣಗಳು. ಊರು ಬಿಟ್ಟರು, ಇನ್ನು ಉತ್ತರ ಹೇಳಲು ಒಪ್ಪಲಿಲ್ಲ, ತೀರಿಕೊಂಡರು. ಮೊದಲನೆಯದೇ ಆಗಿರಲಿ ಸ್ವಾಮಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಊರು ಬಿಟ್ರಾ?”

“ಇಲ್ಲ ಸರ್. ತೀರ್ಕೊಂಡ್ರು. ಹೋದ ತಿಂಗಳು ನಾನೇ ಹೋಗಿ ಮಾತಾಡಿಸ್ಕೊಂಡು ಬಂದಿದ್ದೆ. ಮೊನ್ನೆ ಮತ್ತೆ ಹೋದ್ರೆ ಹನ್ನೊಂದು ದಿನದ ಕಾರ್ಯವೂ ಮುಗಿದಿತ್ತು. ಹಾಲಿನ ಡೇರಿಯಿಂದ ಬಂದು ಎದೆ ನೋವು ಅಂದ್ರಂತೆ. ಅಷ್ಟೇ ಅಂತೆ.”

ತಂಬಿಗೆಯಲ್ಲಿ ಇನ್ನೂ ನೀರಿತ್ತು. ಅದನ್ನು ಕಟ್ಟೆಯ ಮೇಲಿಟ್ಟು, ಅಲ್ಲೇ ಕುಳಿತೆ. ಏನಾದರೂ ಆಡಬೇಕಲ್ಲ ಎಂದು, “ಕಾಫಿ ಕುಡೀತೀಯೇನಮ್ಮ?” ಎಂದೆ.

“ಸರ್, ನಾನು ಕಾಫಿ ಕುಡಿಯಲ್ಲ ಅಂತ ನಿಮ್ಗೆ ಗೊತ್ತಲ್ಲ, ಮರೆತ್ರಾ?”

“ವಯಸ್ಸಾಯ್ತಲ್ಲಮ್ಮ,” ಎಂದೆ.

ಅದು ಸುಳ್ಳು. ನಲವತ್ತು ವರ್ಷದ ಹಿಂದೆ, ನನಗೆ ಇಪ್ಪತ್ತೈದಿದ್ದಾಗಲೂ, ಇದೇ ನಂಬರಿನ ಮುಂದೆ ನಾನು ನಿಯಮ ಮರೆತಿದ್ದೆ.

ಮನುಷ್ಯ ಹೇಗೆ ಬೆಳೆಯುತ್ತಾನೆ, ಹೇಗೆ ಮಾಗುತ್ತಾನೆ, ಹೇಗೆ ಕುಂದುತ್ತಾನೆ ಎಂದು ತಿಳಿಯಲು ಎರಡು ದಾರಿಗಳಿವೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಒಂದೇ ಸಲಕ್ಕೆ ಇಪ್ಪತ್ತರವರನ್ನೂ ನಲವತ್ತರವರನ್ನೂ ಅರವತ್ತರವರನ್ನೂ ಕೇಳಿ ಹೋಲಿಸಿ ನೋಡುವುದು ಬೇಗ ಮುಗಿಯುವ ದಾರಿ. ಆದರೆ ಅರವತ್ತರ ಅಜ್ಜನಿಗೆ ಓದಲು ಬಾರದಿದ್ದರೆ ಅದು ವಯಸ್ಸಿನ ಗುಣವಲ್ಲ, ಅವನು ಚಿಕ್ಕವನಾಗಿದ್ದಾಗ ಊರಲ್ಲಿ ಸ್ಕೂಲೇ ಇರಲಿಲ್ಲ. ಆ ದಾರಿಯಲ್ಲಿ ಇಂಥ ತಪ್ಪುಗಳಾಗುತ್ತವೆ. ಇನ್ನೊಂದು ದಾರಿ ನಮ್ಮದು. ಅದೇ ಜನರನ್ನು ಎಂಟು ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಿ ಅದೇ ಪ್ರಶ್ನೆಗಳನ್ನು ಕೇಳುವುದು, ಅವರ ಬಾಳು ಮುಗಿಯುವವರೆಗೆ. ಅರಕೆರೆ, ಮೇಲುಕೋಟೆ, ಕಿಕ್ಕೇರಿ, ಬೆಳ್ಳೂರು ಸೇರಿ ನಾನೂರು ಜನ. ಕೇಳುವವನಿಗೂ ಅವರೊಡನೆಯೇ ತಲೆ ನರೆಯುತ್ತದೆ.

ಅದಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಉತ್ತರದ ಹಾಳೆಯಲ್ಲಿ ಯಾರ ಹೆಸರನ್ನೂ ಬರೆಯಬಾರದು, ಊರು ಮತ್ತು ನಂಬರು ಮಾತ್ರ. ಹಿಂದಿನ ಸುತ್ತಿನ ಉತ್ತರವನ್ನು ಮುಂದಿನ ಸುತ್ತಿನವನು ನೋಡಬಾರದು. ನೋಡಿದರೆ ಅವನ ಪ್ರಶ್ನೆ ಅತ್ತ ವಾಲುತ್ತದೆ.

ಸಾವಿರದೊಂಬೈನೂರ ಎಂಬತ್ನಾಲ್ಕರ ಕೊನೆ. ಕಿಕ್ಕೇರಿಯ ಹಾಲಿನ ಡೇರಿಯಲ್ಲಿ ಅವಳು ಹಾಲು ಅಳೆದು ಬರೆದುಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ. ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ನಾನು ಪಟ್ಟಿ ತೆಗೆದು, “ನಲವತ್ತೊಂದನೆಯವರು ನೀವೇನಾ?” ಎಂದೆ.

ಅವಳು ತಲೆಯೆತ್ತಲಿಲ್ಲ. ಕಣ್ಣು ಮಾತ್ರ ಎತ್ತಿದಳು. “ಜೈಲಲ್ಲಿ ನಂಬ್ರ ಇಡ್ತಾರಂತೆ. ನಾನೇನ್ ಕದ್ದಿವ್ನಿ ಸಾರ್?”

“ಹೆಸರು ಬರೆಯೋ ಹಾಗಿಲ್ಲ. ಗುಟ್ಟು ಕಾಪಾಡೋಕೆ.”

“ನಂಗಿಲ್ದಿರೋ ಗುಟ್ಟು ನಿಮ್ಗೆಲ್ಲಿ ಸಿಕ್ತು? ಓಗ್ಲಿ, ನಿಮ್ಗಾರೂ ಎಸ್ರೈತೋ, ನಂಬ್ರವೋ?”

“ಚಲುವಯ್ಯ.”

“ಚಲುವಯ್ಯ!” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಸಿಲಿಗೆ ಕರಕಲಾದ ಮುಖ, ಧೂಳು ಹಿಡಿದ ಚಪ್ಪಲಿ, ಬಸ್ಸಿನ ನೂಕಿನಲ್ಲಿ ಗುಂಡಿ ಕಿತ್ತುಹೋದ ಅಂಗಿ. “ಎಸ್ರಿಟ್ಟೋರ್ಗೆ ಕಣ್ಣು ಸರ್ಯಾಗಿ ಕಾಣ್ತಿತ್ತಾ ಸಾರ್?”

ಹಾಲು ಹಾಕಲು ನಿಂತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಆ ಒಂದೇ ದಿನ. ಆಮೇಲೆ ಎಂದೂ ಬರಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ.

ಸಂದರ್ಶನ ಅವರ ಮನೆಯ ಜಗುಲಿಯ ಮೇಲೆ ನಡೆಯಿತು. ತಾಯಿ ದ್ಯಾವಮ್ಮ ಅಲ್ಲೇ ಅವರೆಕಾಯಿ ಸುಲಿಯುತ್ತ, ನಡುನಡುವೆ ಮಗಳನ್ನು ಹೆಸರು ಹಿಡಿದು ಕೂಗುತ್ತಿದ್ದರು. ಅವಳು ಡೇರಿಯ ಲ್ಯಾಕ್ಟೋಮೀಟರನ್ನು ಸೆರಗಿನಲ್ಲಿ ಒರೆಸುತ್ತ ಕೇಳಿದಳು. “ಆಲ್ಗೆ ನೀರ್ ಬೆರ್ಸಿದ್ರೆ ಇದು ಯೋಳ್ಬುಡ್ತದೆ. ನಾನು ಉತ್ರಕ್ಕೆ ಸುಳ್ಳು ಬೆರ್ಸಿದ್ರೆ ನಿಮ್ಗೆ ಯಾವ್ದು ಯೋಳ್ತದೆ?”

“ಒಂದು ತಿಂಗಳು ಬಿಟ್ಟು ಬಂದು ಇದೇ ಪ್ರಶ್ನೆ ಮತ್ತೆ ಕೇಳ್ತೀನಿ. ಮರುಪ್ರಶ್ನೆ ಅಂತ. ಉತ್ತರ ಬದಲಾಗದೆ ನಿಂತ್ರೆ ನಿಜ.”

“ಅಂದ್ರೆ ಇನ್ನೊಂದ್ಸಲ ಬತ್ತೀರಾ?”

“ಬರಲೇಬೇಕಲ್ಲ.”

“ಬರ್ಲೇಬೇಕು ಅಂತ ಬರೋದಾದ್ರೆ ಬ್ಯಾಡ ಬುಡಿ,” ಎಂದು ಗಾಜಿನ ಕೊಳವೆಯನ್ನು ಕಣ್ಣಿಗೆ ಹಿಡಿದು ಅದರ ಹಿಂದಿನಿಂದ ನನ್ನನ್ನು ನೋಡಿದಳು.

ಜ್ಞಾಪಕಶಕ್ತಿಯ ಪರೀಕ್ಷೆಗೆ ಹತ್ತು ಪದಗಳಿದ್ದವು. ನಾನು ಓದಿ ಹೇಳಬೇಕು, ಅರ್ಧ ಗಂಟೆ ಬಿಟ್ಟು ಅವಳು ನೆನೆದು ಹೇಳಬೇಕು. ನೇಗಿಲು, ಕನ್ನಡಿ, ಬೆಲ್ಲ, ಸೇತುವೆ, ಹೀಗೆ ಒಂಬತ್ತನ್ನು ಪಟಪಟನೆ ಹೇಳಿ ನಿಲ್ಲಿಸಿದಳು.

“ಹತ್ತನೇದು?”

“ಮರ್ತೋಯ್ತು.” ತುಟಿಯ ಕೊನೆಯಲ್ಲಿ ನಗು ಸಿಕ್ಕಿಕೊಂಡಿತ್ತು. “ತಿಂಗ್ಳು ಬುಟ್ಟು ಬತ್ತೀರಲ್ಲ, ಆಗ ನೆಪ್ಪಾಯ್ತದೆ.”

ಮುಂದಿನ ತಿಂಗಳು ನಾನು ಬಸ್ಸಿಳಿದು ಡೇರಿಯ ಮುಂದೆ ಬಂದಾಗ, ಚೀಲ ಕೆಳಗಿಡುವ ಮೊದಲೇ, ಒಳಗಿನಿಂದ ಧ್ವನಿ ಬಂತು. “ಕೊಡೆ!”

ಅದೇ ಹತ್ತನೆಯ ಪದ.

ಮರುಪ್ರಶ್ನೆಯ ದಿನ ಎಲ್ಲ ಉತ್ತರಗಳೂ ಮೊದಲಿನಂತೆಯೇ ಬಂದವು, ಒಂದರ ಹೊರತು. ಪ್ರಶ್ನೆ ಹೀಗಿತ್ತು: ಕಷ್ಟ ಬಂದಾಗ ಮೊದಲು ಯಾರನ್ನು ನೆನೆಯುತ್ತೀರಿ? ಮೊದಲ ಸಲ “ನಮ್ಮವ್ವನ್ನ” ಎಂದಿದ್ದಳು. ಈಗ ತಾಯಿಯ ಕಡೆ ನೋಡಿದಳು. ದ್ಯಾವಮ್ಮ ದನಕ್ಕೆ ನೀರು ತೋರಿಸಲು ಹಿತ್ತಲಿಗೆ ಹೋದರು.

“ಉತ್ರ ಬದ್ಲಾಗೈತೆ. ಏನ್ ಬರ್ಕೋತೀರಾ?”

“ನೀವು ಹೇಳಿದ್ದನ್ನ.”

“ಅಂಗಾರೆ ಬರ್ಕೊಳಿ. ಅವ್ರನ್ನ.”

ಅವರು ಯಾರು ಎಂದು ಕೇಳಬೇಕಾದ್ದು ನಿಯಮ. ನಾನು ಕೇಳಲಿಲ್ಲ. ‘ಅವರನ್ನು’ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು. ಅವಳು ಬಗ್ಗಿ ನೋಡಿ, “ಮೇಷ್ಟ್ರು ನೋಡಿದ್ರೆ ಕಿವಿ ಇಂಡ್ತಾರೆ ಕಣಿ,” ಎಂದಳು. ಅವಳ ಕಿವಿಯ ಓಲೆ ನನ್ನ ಹಾಳೆಯ ಮೇಲೆ ಸಣ್ಣ ನೆರಳು ಬಿಟ್ಟಿತ್ತು.

ಹೊರಡುವಾಗ ಬೇಲಿಯವರೆಗೆ ಬಂದಳು.

“ಒಂದ್ಸಲ ನನ್ನೆಸ್ರು ಯೋಳಿ. ಬರೀಬ್ಯಾಡಿ, ಬಾಯಲ್ಲಿ ಯೋಳಿ.”

“ಯುಗಾದಿ ಆಗ್ಲಿ. ನಮ್ಮವ್ವನ್ನ ಕರ್ಕೊಂಡು, ತಾಂಬೂಲ ಹಿಡ್ಕೊಂಡು ಬರ್ತೀನಿ. ಆವತ್ತು ಎಲ್ರ ಮುಂದೆ ಹೇಳ್ತೀನಿ.”

“ಮರೀಬ್ಯಾಡಿ.”

“ಮರುಪ್ರಶ್ನೆ ಕೇಳಿ ನೋಡಿ. ಉತ್ತರ ಬದಲಾಗಲ್ಲ.”

ಅವಳು ನಗಲಿಲ್ಲ. ಬೇಲಿಯ ಕಡ್ಡಿಯೊಂದನ್ನು ಮುರಿದು, ಅದನ್ನೇ ನೋಡುತ್ತ ತಲೆಯಾಡಿಸಿದಳು.

ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ನಮ್ಮ ಸೂಪರ್‌ವೈಸರ್ ತಿಮ್ಮರಾಜು ಮರುತಪಾಸಣೆಗೆ ಕಿಕ್ಕೇರಿಗೆ ಹೋಗಿ ಬಂದರು. ಹುಡುಗರು ಮನೆಗೆ ಹೋಗದೆ ಕುಳಿತಲ್ಲೇ ಉತ್ತರ ಗೀಚಿ ತರುತ್ತಾರೆಂದು, ಹತ್ತು ಮನೆಗೆ ಒಂದರಂತೆ ಮೇಲಿನವರು ಹೋಗಿ, ‘ನಿಮ್ಮ ಮನೆಗೆ ಬಂದಿದ್ದವರು ಯಾರು? ಹೆಸರೇನು?’ ಎಂದು ಕೇಳುವ ಪದ್ಧತಿ ಅದು. ಒಬ್ಬರು ಗೊತ್ತಿಲ್ಲವೆಂದರೂ ಆ ಊರಿನ ಹಾಳೆಗಳೆಲ್ಲ ಅನುಮಾನದ ಪಟ್ಟಿಗೆ, ಬರೆದವನು ಆ ಊರಿನಿಂದ ಹೊರಗೆ.

“ಏನ್ಲಾ ಚಲುವ, ಕಿಕ್ಕೇರಿಗೆ ನಿಜ್ವಾಗ್ಲೂ ಓಗಿದ್ಯೋ, ಕೆ.ಆರ್. ಪೇಟೆ ಓಟ್ಲಲ್ಲಿ ಕೂತು ಬರ್ಕೊಂಡ್ ಬಂದ್ಯೋ?”

“ಯಾಕಣ್ಣ?”

“ನಲವತ್ತೊಂದು ನಿನ್ನೆಸ್ರೇ ಯೋಳ್ಲಿಲ್ಲ ಕಣ್ಲಾ. ಮೂರ್ ಸಲ ಕೇಳ್ದೆ. ಬಾಯೇ ಬುಡ್ಲಿಲ್ಲ.”

ಹತ್ತನೆಯ ಪದವನ್ನು ತಿಂಗಳಿಡೀ ನೆನಪಿಟ್ಟವಳಿಗೆ ನನ್ನ ಹೆಸರು ಮರೆಯಿತೇ? ಮರೆತಿಲ್ಲ, ಮರೆಸಿದ್ದಾಳೆ ಎಂದುಕೊಂಡೆ. ಬೇರೆ ಕಡೆ ಸಂಬಂಧ ಕೂಡಿಬಂದಿರಬೇಕು, ಊರವರ ಬಾಯಿಗೆ ಹೆದರಿರಬೇಕು, ಗಂಡಸೊಬ್ಬ ಬಂದುಹೋದ ಗುರುತನ್ನೇ ಅಳಿಸಿದ್ದಾಳೆ. ಉತ್ತರ ಮತ್ತೆ ಬದಲಾಗಿದೆ.

ನನ್ನನ್ನು ಕಿಕ್ಕೇರಿಯಿಂದ ತೆಗೆದು ನಾಗಮಂಗಲದ ಕಡೆಗೆ ಹಾಕಿದರು. ಆ ಊರಿಗೆ ಇನ್ನು ಕಾಲಿಡಬಾರದೆಂದು ಆರ್ಡರೂ ಬಂತು. ಯುಗಾದಿಯ ಮರುದಿನ ಬೆಳ್ಳೂರು ಕ್ರಾಸಿನಲ್ಲಿ ಚನ್ನರಾಯಪಟ್ಟಣದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅಲ್ಲಿಂದ ಕಿಕ್ಕೇರಿ ದೂರವಿಲ್ಲ. ಕಂಡಕ್ಟರು, “ಅತ್ತೋ ಇಳಿಯೋ, ಎರಡ್ರಲ್ಲಿ ಒಂದು ಮಾಡಣ್ಣ,” ಎಂದ. ಇಳಿದೆ. ನನ್ನ ಹೆಸರನ್ನೇ ಹೇಳದವಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದುಕೊಂಡೆ. ಅದನ್ನು ಮಾನವೆಂದು ತಿಳಿದಿದ್ದೆ.

ಮೂರು ವರ್ಷದ ಮೇಲೆ ಗೌರಮ್ಮನನ್ನು ಮದುವೆಯಾದೆ. ಮೂವತ್ತು ವರ್ಷ ಜೊತೆಗಿದ್ದಳು. ನನ್ನ ಮನೆ ಬೆಳಗಿ ಹೋದಳು. ಅವಳಿಗೆ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ ಎಂದು ದೇವರ ಮುಂದೆ ಹೇಳಬಲ್ಲೆ. ಇನ್ನೊಂದನ್ನು ಮುಚ್ಚಿಟ್ಟಿದ್ದೆ ಎಂಬುದನ್ನೂ ಅವನ ಮುಂದೆಯೇ ಹೇಳಬೇಕು.

ಸಹನ ಟ್ಯಾಬನ್ನು ನನ್ನ ಮುಂದಿಟ್ಟಳು. ಫೈಲು ಮುಚ್ಚುವಾಗ ಮಾತ್ರ ಎಲ್ಲ ಸುತ್ತುಗಳ ಹಾಳೆಗಳನ್ನು ಒಂದೆಡೆ ಸೇರಿಸುತ್ತಾರೆ. ಅಲ್ಲಿಯವರೆಗೆ ಯಾರೂ ಯಾರ ಬಾಳನ್ನೂ ಒಟ್ಟಿಗೆ ನೋಡಿರುವುದಿಲ್ಲ.

“ಇದು ನಿಮ್ಮ ಅಕ್ಷರಾನಾ ಸರ್?”

ಸೊಟ್ಟಗಿನ ‘ಅವರನ್ನು’ ಅಲ್ಲಿತ್ತು. “ಹೌದು.”

ಅವಳು ಬೆರಳಾಡಿಸಿದಳು. ಮುಂದಿನದು ತಿಮ್ಮರಾಜು ಬರೆದ ಮರುತಪಾಸಣೆಯ ಹಾಳೆ. ಅದನ್ನು ನಾನು ನೋಡಿರಲೇ ಇಲ್ಲ. ಮೂರು ಸಾಲು.

‘ಯಾರು ಬಂದಿದ್ದರು ಎಂದರೆ, ಅವರೇ ಬಂದಿದ್ದರು ಎನ್ನುತ್ತಾಳೆ. ಹೆಸರು ಕೇಳಿದರೆ ಗೋಡೆಯ ಮೇಲಿನ ಮೇಲುಕೋಟೆ ಚಲುವರಾಯಸ್ವಾಮಿಯ ಪಟ ತೋರಿಸಿ ತಲೆ ತಗ್ಗಿಸುತ್ತಾಳೆ. ಅಸಂಬದ್ಧ ಉತ್ತರ. ಸಂದರ್ಶನ ಅನುಮಾನಾಸ್ಪದ.’

ಒಂದು ಸಲ ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಅಕ್ಷರ ಕಾಣಲಿಲ್ಲ.

ನಮ್ಮ ಗೌರಮ್ಮ ಒಂದು ದಿನವೂ ನನ್ನ ಹೆಸರು ಹೇಳಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕುಂದುತ್ತದೆಂದು ನಮ್ಮ ಕಡೆಯ ಹೆಂಗಸರು ಹೇಳುವುದಿಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದಾಗ ಅವಳು ನಮ್ಮ ನಡುಮನೆಯ ಬಾಗಿಲ ಮೇಲಿನ ಅದೇ ಚಲುವರಾಯಸ್ವಾಮಿಯ ಪಟಕ್ಕೆ ಕೈ ತೋರಿಸಿ, “ಆ ಸ್ವಾಮಿ ಎಸ್ರೇಯಾ,” ಎನ್ನುತ್ತಿದ್ದಳು. ಎರಡು ಸಾವಿರ ಮನೆಗಳ ಜಗುಲಿಯಲ್ಲಿ ಕುಳಿತವನು ನಾನು. ಹೊಸಬರಿಗೆ ಪಾಠ ಮಾಡುತ್ತಿದ್ದವನೂ ನಾನೇ. “ಹೆಂಗಸರು ಗಂಡನ ಹೆಸರು ಹೇಳೋಲ್ಲ, ಬಲವಂತ ಮಾಡ್ಬೇಡಿ, ಪಕ್ಕದ ಮನೆಯವರನ್ನ ಕೇಳಿ,” ಎಂದು ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದೆ.

ಅವಳಿಗೆ ಮದುವೆಯಾಗಿರಲಿಲ್ಲ. ಅದಕ್ಕೇ ನನಗೆ ಹೊಳೆಯಲಿಲ್ಲ. ಅವಳ ಮನಸ್ಸಿನಲ್ಲಿ ಅದು ಆಗಿಹೋಗಿತ್ತು.

ಸಹನ ಉಳಿದ ಹಾಳೆಗಳನ್ನು ಒಂದೊಂದಾಗಿ ಓದಿ ಹೇಳಿದಳು. ತೊಂಬತ್ತೆರಡರದು: ‘ಅವರನ್ನು. ಯಾರೆಂದು ಹೇಳಲಿಲ್ಲ. ಅವಿವಾಹಿತೆ.’ ಎರಡು ಸಾವಿರದ್ದು: ‘ಅವರನ್ನು. ಮೊದಲ ಸುತ್ತಿನಲ್ಲಿ ಬಂದಿದ್ದವರು ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಿದರು. ನಿಯಮದಂತೆ ಉತ್ತರಿಸಲಿಲ್ಲ.’ ಎರಡು ಸಾವಿರದ ಎಂಟರದು: ‘ಅವರನ್ನು. ದೇವರ ಪಟ ತೋರಿಸಿದರು. ದೇವರು ಎಂದು ನಮೂದಿಸಲಾಗಿದೆ.’ ಹದಿನಾರರಲ್ಲೂ ಹಾಗೆಯೇ.

ಆ ಹಾಳೆಗಳನ್ನು ಬರೆದವರೆಲ್ಲ ನನ್ನ ಜೊತೆ ಕುಳಿತು ಬುತ್ತಿ ಉಂಡವರು. ಯಾರೂ ನನಗೆ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ನಿಯಮವನ್ನು ಅವರಿಗೆ ಕಲಿಸಿದವನು ನಾನೇ.

“ಸರ್,” ಸಹನ ತಡೆದು ತಡೆದು ಹೇಳಿದಳು, “ಈ ಸಲದ್ದು ಆಡಿಯೋ ಇದೆ. ಕೇಳ್ಸೋ ಹಾಗಿಲ್ಲ. ಆದ್ರೆ ನೀವು ಕೇಳ್ಬೇಕು ಅನ್ಸುತ್ತೆ.”

ಮೊದಲು ಡೇರಿಯ ಕ್ಯಾನುಗಳ ಸದ್ದು. ಆಮೇಲೆ ಅವಳ ಧ್ವನಿ. ಅರವತ್ತು ವರ್ಷದ ಒಡಕು ಧ್ವನಿ, ಒಳಗೆ ಮಾತ್ರ ಅದೇ ತುಂಟತನ. ಹತ್ತು ಪದಗಳಲ್ಲಿ ಆರು ಮರೆತಿದ್ದಳು. ಹೇಳಿದ ನಾಲ್ಕರಲ್ಲಿ ಮೊದಲನೆಯದು ಕೊಡೆ.

“ಕಷ್ಟ ಬಂದಾಗ ಮೊದಲು ಯಾರನ್ನ ನೆನೀತೀರಾ ಆಂಟಿ?”

“ಅವ್ರನ್ನ.”

“ಯಾರು ಅವ್ರು?”

“ಎಸ್ರು ಯೋಳ್ಬಾರ್ದು ಕಣವ್ವ.”

“ಅದು ಗಂಡನ ಹೆಸ್ರಲ್ವಾ ಆಂಟಿ? ನಿಮ್ಗೆ ಮದ್ವೆ ಆಗಿಲ್ವಲ್ಲಾ?”

“ಆಗಿಲ್ಲ. ಅದ್ಕೀಗೇನಾಯ್ತು?” ಸಣ್ಣ ನಗು. ಆಮೇಲೆ ಸ್ವಲ್ಪ ಹೊತ್ತು ಕ್ಯಾನಿನ ಸದ್ದು. “ಬತ್ತೀನಿ ಅಂದಿದ್ರು. ಏನು ತಾಪತ್ರಯ ಬಂತೋ ಕಾಣೆ. ಎಲ್ಲಾರ ಚೆನ್ನಾಗಿರ್ಲಿ ಬುಡವ್ವ. ನೀನು ತಿಂಗ್ಳು ಬುಟ್ಟು ಬತ್ತೀಯಲ್ಲ, ಆಗ್ಲೂ ಕೇಳು. ಇದೇ ಯೋಳ್ತೀನಿ.”

ಅಲ್ಲಿಗೆ ನಿಂತಿತು.

ಪಾಪ, ಹುಡುಗಿ ಕಣ್ಣೊರೆಸಿಕೊಂಡು ಟ್ಯಾಬನ್ನು ತಿರುಗಿಸಿದಳು. “ಸರ್, ಮರುಪ್ರಶ್ನೆ ಕಾಲಂ ಖಾಲಿ ಇದೆ. ಉತ್ತರ ಖಚಿತವಾಗಿಲ್ಲ ಅಂತ ಹಾಕ್ಬೇಕಂತೆ.”

“ನನ್ನ ಮರುಪ್ರಶ್ನೆಯಿಂದ ಹಿಡಿದು ಆರು ಸಲ ಕೇಳಿದ್ದಾರೆ. ಆರು ಸಲವೂ ಒಂದೇ ಉತ್ತರ. ಖಚಿತ ಅಂತ ಹಾಕಮ್ಮ.”

ಕಾರಣದ ಜಾಗದಲ್ಲಿ ‘ತೀರಿಕೊಂಡರು’ ಎಂದಿತ್ತು. ಅದರ ಕೆಳಗೆ ಸಹಿ ಹಾಕಿದೆ. ಸಹನ ಏಳುವಾಗ ನಡುಮನೆಯ ಬಾಗಿಲ ಮೇಲಿನ ಪಟವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಗ್ಗಿ ನನ್ನ ಕಾಲು ಮುಟ್ಟಿ ಹೋದಳು.

ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಪಶ್ಚಿಮವಾಹಿನಿಯಲ್ಲಿ ಮಿಂದೆ. ತಂದೆತಾಯಿಗೆ, ಆಮೇಲೆ ಗೌರಮ್ಮನಿಗೆ ಎಳ್ಳುನೀರು ಬಿಟ್ಟೆ. ಪುರೋಹಿತರು ಏಳಲು ಹೊರಟರು.

“ಇನ್ನೊಬ್ಬರಿಗಿದೆ ಸ್ವಾಮಿ.”

“ನಿಮಗೇನಾಗಬೇಕು ಅವರು?”

ಯಾವ ಮನೆಗೆ ಹೋದರೂ ಮೂವತ್ತೈದು ವರ್ಷ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದು. ಇನ್ನಷ್ಟು ಎಳ್ಳು ತೆಗೆದು ಅಂಗೈಯಲ್ಲಿಟ್ಟುಕೊಂಡೆ. ನೀರಿನಲ್ಲಿ ನಿಂತೇ ಇದ್ದೆ.

ಅವರು ಬಹಳ ಜನರನ್ನು ಕಂಡವರು. “ಹೋಗಲಿ ಬಿಡಿ. ಇವತ್ತು ಸಂಬಂಧ ಹೇಳಲಾಗದವರಿಗೂ ನೀರು ಬಿಡಬಹುದು. ಗೋತ್ರ ತಿಳಿಯದಿದ್ದರೆ ಕಾಶ್ಯಪ ಗೋತ್ರ ಎನ್ನೋಣ. ಹೆಸರೊಂದು ಹೇಳಿ, ಸಾಕು. ಗಟ್ಟಿಯಾಗಿ ಹೇಳಿ.”

ಸುತ್ತ ನೂರಾರು ಜನರಿದ್ದರು. ನಲವತ್ತು ವರ್ಷ ಹಾಳೆಯ ಮೇಲೆ ಬರೆಯದ, ಬೇಲಿಯ ಬಳಿ ಕೇಳಿದಾಗಲೂ ಹೇಳದ, ಯುಗಾದಿ ಕಳೆದು ಎಲ್ಲರ ಮುಂದೆ ಹೇಳುತ್ತೇನೆಂದು ಮಾತು ಕೊಟ್ಟಿದ್ದ ಹೆಸರು.

“ಪ್ರಮೀಳಾ,” ಎಂದೆ.

ಮೂರು ಸಲ ಹೇಳಿದೆ. ಮೂರು ಸಲವೂ ಬೆರಳ ಸಂದಿಯಿಂದ ಎಳ್ಳು ಜಾರಿ ಕಾವೇರಿಯಲ್ಲಿ ಹೋಯಿತು.

ರಂಗನಾಥಾ, ನಿನ್ನ ಬಳಿಗೆ ಬಂದವಳನ್ನು ನಂಬರಿನಿಂದ ಕರೆಯಬೇಡ. ನಾನು ಕರೆಯದ ಹೆಸರಿನಿಂದ ನೀನು ಕರೆ. ಅವಳಿಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಮುಗಿದಿವೆ, ನೀನೂ ಏನನ್ನೂ ಕೇಳಬೇಡ. ಬರುತ್ತೇನೆಂದವನು ಬರಲಿಲ್ಲವಲ್ಲ ಎಂಬ ನೋವು ಎಳ್ಳಷ್ಟು ಉಳಿದಿದ್ದರೂ ಅದನ್ನು ಈ ನೀರಿನ ಜೊತೆ ನನ್ನ ಕಡೆಗೆ ಹರಿಸು, ನಾನು ಹೊರುತ್ತೇನೆ. ನಿನ್ನ ಪಾದದ ಬಳಿ ಅವಳಿಗೆ ನೆರಳಿರಲಿ. ಅವಳ ಜೀವ ತಣ್ಣಗಿರಲಿ.